ಎಂಜಿನ್ ಕೋಣೆಯಲ್ಲಿ ಅತ್ತೆಯ ಸೆರಗು

ಕಾರವಾರದ ಕಡಲ ದಂಡೆಯಲ್ಲಿ ಹಳೆಯ ಯುದ್ಧನೌಕೆಯೊಂದನ್ನು ವಸ್ತುಸಂಗ್ರಹಾಲಯ ಮಾಡಿ ನಿಲ್ಲಿಸಿದ್ದಾರೆ. ಹೋದ ಚಳಿಗಾಲದಲ್ಲಿ ಅಪ್ಪ, ಅಪ್ಪನ ಅಕ್ಕ ಮತ್ತು ನಾನು ತುಮಕೂರಿನಿಂದ ಅಲ್ಲಿಗೆ ಹೋದೆವು. ಅಪ್ಪ ನೌಕಾಪಡೆಯಲ್ಲಿ ಎಂಜಿನ್ ಮೆಕ್ಯಾನಿಕ್ ಆಗಿದ್ದವರು. ಗುಬ್ಬಿಯಲ್ಲಿರುವ ಈ ಅತ್ತೆಯನ್ನು ಹಟ ಹಿಡಿದು ಹೊರಡಿಸಿದ್ದೂ ಅವರೇ.

ಹಟಕ್ಕೆ ಕಾರಣವಿತ್ತು. ಕೆಲಸಕ್ಕೆ ಸೇರಿ ಮೊದಲ ರಜೆಗೆ ಹುಟ್ಟೂರು ಗೂಳೂರಿಗೆ ಬಂದಾಗ ಅಪ್ಪನ ಕೊರಳಲ್ಲಿ ಇಷ್ಟಲಿಂಗ ಇರಲಿಲ್ಲ. ಎಂಜಿನ್ ಹತ್ತಿರ ಕೊರಳಲ್ಲಿ ಏನೂ ನೇತಾಡಬಾರದೆಂದು ಅದನ್ನು ಬಟ್ಟೆಯಲ್ಲಿ ಸುತ್ತಿ ಎಡತೋಳಿಗೆ ಕಟ್ಟಿಕೊಂಡಿದ್ದರು. ತೋಳು ತೋರಿಸಿದರೂ ಅತ್ತೆ ಒಪ್ಪಲಿಲ್ಲ. ಸಂಬಳಕ್ಕಾಗಿ ಎದೆಯ ಮೇಲಿಂದ ದೇವರನ್ನು ಸರಿಸಿದ ಎಂದರು. ಅಂದಿನಿಂದ ತಮ್ಮನಿಗೆ ಊಟ ಬಡಿಸಿದರು, ಪೂಜೆಗೆ ಮಾತ್ರ ಜೊತೆಯಲ್ಲಿ ಕೂರಿಸಿಕೊಳ್ಳಲಿಲ್ಲ. ನಿವೃತ್ತಿಯ ಮೇಲೆ ಲಿಂಗ ಕೊರಳಿಗೆ ಮರಳಿದರೂ ಅದು ಬದಲಾಗಲಿಲ್ಲ.

ಎಂಜಿನ್ ಕೋಣೆಯ ಕಡಿದಾದ ಏಣಿಯ ಬಳಿ ಅತ್ತೆ ನಿಂತರು. "ಇದೇನ್ಲಾ, ಬಾವಿಗಿಳಿಸ್ದಂಗೆ ಇಳಿಸ್ತಿದೀಯ ನನ್ನ."

"ಏಣಿ ಕಡೆ ಮುಖ ಮಾಡಿ ಇಳಿಯಕ್ಕ. ಕೆಳಗೆ ನಾನಿದೀನಿ ಬುಡು."

"ನೀನಿದ್ರೆ ಏನ್ ಬಂತು, ಇಬ್ರೂ ಹೋಯ್ತೀವಿ."

ಕೆಳಗೆ ಬಹಳ ಇಕ್ಕಟ್ಟು. ಅಪ್ಪ ಮಾತ್ರ ಸ್ವಂತ ಮನೆಯಲ್ಲಿ ಓಡಾಡುವಂತೆ ಸಲೀಸಾಗಿ ಮುಂದೆ ಹೋಗಿ ಎಂಜಿನ್ ಓಡುವಾಗ ತಿರುಗುವ ಉಕ್ಕಿನ ದಂಡ, ಶಾಫ್ಟನ್ನು ತೋರಿಸಿದರು. ನೋಡಲು ಅತ್ತೆ ಬಗ್ಗಿದರು. ಸೆರಗು ಜಾರಿ ಅದರ ಮೇಲೆ ಬಿತ್ತು. ಅಪ್ಪ ಅವರ ಭುಜ ಹಿಡಿದು ರಪ್ಪನೆ ಹಿಂದಕ್ಕೆಳೆದರು. ಆ ಎಂಜಿನ್ ನಿಂತು ಎಷ್ಟೋ ವರ್ಷಗಳಾಗಿದ್ದವು. ಆದರೂ ಅಪ್ಪ ಹಿಡಿದ ಭುಜ ಬಿಡಲಿಲ್ಲ.

"ಇದು ಈಗ ತಿರುಗಲ್ಲ ಅಲ್ವೇನ್ಲಾ," ಎಂದರು ಅತ್ತೆ ಮೆಲ್ಲಗೆ.

"ತಿರುಗಲ್ಲ." ಅಪ್ಪ ಆಗ ಕೈ ಬಿಟ್ಟರು. "ನನ್ ಜೊತೆಯವನೊಬ್ಬ ಕತ್ತಿಗೆ ಟವಲ್ ಹಾಕ್ಕೊಂಡಿದ್ದ. ಹಿಂಗೇ ಬಗ್ಗಿದ."

ಅತ್ತೆ ಆ ಶಾಫ್ಟನ್ನು ಇನ್ನೊಮ್ಮೆ ನೋಡಿದರು. ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಉಳಿದಿದ್ದೂ ತೋರ್ಸು," ಎಂದರು.

ಮರುದಿನ ಬೆಳಿಗ್ಗೆ ಲಾಡ್ಜಿನ ಕೋಣೆಯಲ್ಲಿ ಅತ್ತೆ ಸ್ನಾನ ಮುಗಿಸಿ ಪೂಜೆಗೆ ಅಣಿಯಾದರು. ಅಪ್ಪ ಎಂದಿನಂತೆ ತಮ್ಮ ವಿಭೂತಿ ತೆಗೆದುಕೊಂಡು ಹೊರಗಿನ ಬಾಲ್ಕನಿಗೆ ಹೊರಟಿದ್ದರು.

"ಎಲ್ಲಿಗೋ ಹೊಂಟೆ?" ಅತ್ತೆ ತಲೆಯೆತ್ತದೆ ಕೇಳಿದರು. "ಪತ್ರೆ ನಿಂಗೂ ತೆಗೆದಿಟ್ಟಿದೀನಿ. ಬಾ, ಕೂತ್ಕೊ."

ಅಪ್ಪ ಬಾಗಿಲಲ್ಲೇ ನಿಂತರು. ಅತ್ತೆ ಚಾಪೆಯ ಮೇಲೆ ಒಂದಿಷ್ಟು ಪಕ್ಕಕ್ಕೆ ಸರಿದರು.