ಹಡಗು ಹತ್ತುವ ಮುಂಚಿನ ಎಂಟು ದಿನ

ನನ್ನನ್ನು ದತ್ತು ತೆಗೆದುಕೊಳ್ಳಲು ಮೊಂಬಾಸಾದಿಂದ ಬಂದ ಅಪ್ಪ ಅವ್ವನಿಗೆ ಮುಂಬಯಿ ಪೂರಾ ಫಾರಿನ್. ಇಬ್ಬರೂ ಹುಟ್ಟಿ ಬೆಳೆದದ್ದು ಆಫ್ರಿಕಾದಲ್ಲಿ. ಧಾರವಾಡ ಅವರ ನಾಲಿಗೆಯ ಮೇಲಷ್ಟೇ ಉಳಿದಿತ್ತು. ಟ್ಯಾಕ್ಸಿಯವನ ಹಿಂದಿ ತಿಳಿಯದೆ ಅಪ್ಪ ಸ್ವಾಹಿಲಿಯಲ್ಲಿ ಉತ್ತರ ಕೊಟ್ಟುಬಿಡುತ್ತಿದ್ದರು. ಕನ್ನಡ, ಹಿಂದಿ ಎರಡೂ ಬರುತ್ತಿದ್ದ ಎಂಟು ವರ್ಷದ ನಾನೇ ಅವರ ಇಂಟರ್‌ಪ್ರಿಟರ್. ಅದು ಐವತ್ತರ ದಶಕದ ಕೊನೆ. ದತ್ತಕದ ಕಾಗದಪತ್ರಗಳೆಲ್ಲ ಮುಗಿದು, ಹಡಗಿಗಾಗಿ ಕಾಯುತ್ತ ಮೂವರೂ ಗ್ರಾಂಟ್ ರೋಡಿನ ಒಂದು ಲಾಡ್ಜಿನಲ್ಲಿದ್ದೆವು.

ಎಲ್ಲ ಮುಗಿದಿದೆ ಎಂಬುದನ್ನು ಮಾತ್ರ ನಾನು ನಂಬಿರಲಿಲ್ಲ. ನಾನು ಬೆಳೆದ ಕಾನ್ವೆಂಟಿನ ಹೋಮ್‌ನಿಂದ ಹಿಂದಿನ ವರ್ಷ ಒಬ್ಬ ಹುಡುಗಿಯನ್ನು ಒಂದು ಕುಟುಂಬ ಕರೆದುಕೊಂಡು ಹೋಗಿತ್ತು. ನಾವೆಲ್ಲ ಗೇಟಿನ ಬಳಿ ಸಾಲಾಗಿ ನಿಂತು ಟಾಟಾ ಮಾಡಿದ್ದೆವು. ಹತ್ತೇ ದಿನಕ್ಕೆ ಅವಳು ಅದೇ ಟ್ರಂಕಿನೊಂದಿಗೆ ವಾಪಸ್ ಬಂದಳು, ತಲೆ ಬೋಳಿಸಿಕೊಂಡು. ರಿಂಗ್‌ವರ್ಮ್ ಅಂತೆ, ತಲೆಯ ತುಂಬ ಹುಳುಕಡ್ಡಿ. ಅಂದಿನಿಂದ ನನಗೊಂದು ವಿಷಯ ಪಕ್ಕಾ ಆಗಿತ್ತು: ಮೈಮೇಲೆ ಏನಾದರೂ ಎದ್ದರೆ ವಾಪಸ್ ಕಳಿಸುತ್ತಾರೆ.

ಹಾಗಾಗಿ ಲಾಡ್ಜಿನಲ್ಲಿ ನನ್ನಷ್ಟು ಒಳ್ಳೆಯ ಹುಡುಗಿ ಬೇರೆ ಇರಲಿಲ್ಲ. ಬೆಳಿಗ್ಗೆ ಅವರು ಏಳುವ ಮೊದಲೇ ನನ್ನ ಹಾಸಿಗೆಯ ಚಾದರವನ್ನು ಮೂಲೆ ಮಡಿಸಿ ಸಿಕ್ಕಿಸಿ, ಅವರ ಮಂಚದ ಕಾಲ ಬಳಿ ಅಟೆನ್ಷನ್‌ನಲ್ಲಿ ನಿಂತಿರುತ್ತಿದ್ದೆ.

“ಗುಡ್ ಮಾರ್ನಿಂಗ್ ಸರ್. ಗುಡ್ ಮಾರ್ನಿಂಗ್ ಮೇಡಮ್.”

“ಅಯ್ಯೋ ನನ್ನವ್ವಾ, ಮೇಡಮ್ ಅಲ್ಲ, ಅವ್ವ ಅನ್ನು.”

“ಯೆಸ್, ಮೇಡಮ್.”

ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ನಾ ಸರ್ ಆಗೇ ಇರ್ತೇನಿ ಬಿಡು. ಆಫೀಸಿನ್ಯಾಗ ನನಗ ಯಾರೂ ಸರ್ ಅನ್ನಂಗಿಲ್ಲ.”

ಹಡಗು ಹತ್ತುವವರಿಗೆ ಸಿಡುಬಿನ ಲಸಿಕೆಯ, ಅವ್ವನ ಮಾತಿನಲ್ಲಿ ‘ದೇವಿ’ ಹಾಕಿಸಿಕೊಂಡ, ಸರ್ಟಿಫಿಕೇಟ್ ಬೇಕಿತ್ತು. ನನ್ನ ತೋಳಿನ ಮೇಲೆ ಹಳೆಯ ಲಸಿಕೆಯ ಗುರುತೇ ಇರಲಿಲ್ಲ. ಡಾಕ್ಟರು ಎಡತೋಳನ್ನು ಸ್ವಲ್ಪ ಗೀರಿ, “ಎಂಟನೇ ದಿನ ಕರೆತನ್ನಿ” ಎಂದು ಅಪ್ಪನಿಗೆ ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಏನಾಗುತ್ತದೆ ಎಂಬುದು ದೊಡ್ಡವರಿಗೆಲ್ಲ ಗೊತ್ತಿತ್ತು. ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನೋಡಿ.

ನಾಲ್ಕನೇ ದಿನ ಅಲ್ಲಿ ಒಂದು ಕೆಂಪು ಗುಳ್ಳೆ ಎದ್ದಿತು. ಐದನೇ ದಿನ ಅದರಲ್ಲಿ ನೀರು ತುಂಬಿಕೊಂಡಿತು. ನಾನು ಕಾನ್ವೆಂಟಿನ ನೀಲಿ ಉಲನ್ ಕಾರ್ಡಿಗನ್ ಹಾಕಿಕೊಂಡು ಗುಂಡಿಗಳನ್ನೆಲ್ಲ ಬಿಗಿದೆ. ಅದು ಮೇ ತಿಂಗಳು. ಮುಂಬಯಿಯ ಮೇ.

“ಇಷ್ಟು ಸೆಕಿಯೊಳಗ ಸ್ವೆಟರ್ ಯಾಕವ್ವಾ?”

“ಐ ಆಮ್ ಫೀಲಿಂಗ್ ಕೋಲ್ಡ್, ಮೇಡಮ್.”

“ಆಫ್ರಿಕಾದ ಬಿಸಲಿಗೆ ಪ್ರ್ಯಾಕ್ಟೀಸ್ ಮಾಡಾಕ್ಹತ್ಯಾಳ,” ಎಂದರು ಅಪ್ಪ. ಸ್ನಾನ ಮಾಡಿಸಲು ಅವ್ವ ಬಂದರೆ ನಾನು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದೆ. ಕಾನ್ವೆಂಟಿನ ನಾಚಿಕೆ ಎಂದುಕೊಂಡು ಪಾಪ, ಬಾಗಿಲ ಆಚೆಯೇ ಟವೆಲ್ ಹಿಡಿದು ನಿಂತಿರುತ್ತಿದ್ದರು.

ಆರನೇ ದಿನ ಆಂಟಾಪ್ ಹಿಲ್‌ನಲ್ಲಿದ್ದ ಅಪ್ಪನ ಸೋದರತ್ತೆಯ ಮನೆಗೆ ಊಟಕ್ಕೆ ಹೋದೆವು. ಆಕೆ ನನ್ನನ್ನು ಮೇಲಿಂದ ಕೆಳಗಿನವರೆಗೂ ನೋಡಿ ಅವ್ವನಿಗೆ ಹೇಳಿದರು: “ತರೂದು ತರಾಕ್ಹತ್ತೀರಿ, ಕೂಸು ತರಬಾರದೇನ? ಇಷ್ಟು ದೊಡ್ಡಾಕಿ! ಒಳಗ ಯಾವ ರೋಗ ಐತೋ, ಯಾರಿಗ್ಗೊತ್ತು.”

“ಕೂಸಿಗೆ ಹಲ್ಲ ಬರೂತನಕ ಕಾಯಬೇಕ್ರೀ ಅತ್ತೆವ್ವಾ,” ಎಂದರು ಅವ್ವ, ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕುತ್ತ. “ನನಗ ಜೋಡಿ ಕುಂತು ಹೋಳಿಗಿ ತಿನ್ನಾಕಿ ಬೇಕಾಗಿತ್ತು.”

ನನ್ನ ಕಿವಿಯಲ್ಲಿ ಮಾತ್ರ ಉಳಿದದ್ದು ‘ರೋಗ’ ಎಂಬ ಒಂದೇ ಶಬ್ದ. ಮೈ ಬಿಸಿಯಾಗಿತ್ತು, ಕಂಕುಳಲ್ಲಿ ಗಡ್ಡೆ ಕಟ್ಟಿ ನೋಯುತ್ತಿತ್ತು. ಬೇಡವಾಗಿದ್ದ ಹೋಳಿಗೆಯನ್ನು ಪೂರ್ತಿ ತಿಂದು “ಥ್ಯಾಂಕ್ ಯೂ, ಮೇಡಮ್” ಎಂದೆ.

ಎಂಟನೇ ದಿನ ಡಾಕ್ಟರು ಕಾರ್ಡಿಗನ್ ತೆಗೆಯಲು ಹೇಳಿದರು. ನಾನು ಗುಂಡಿಗಳನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದುಕೊಂಡೆ. ಅವ್ವ ನನ್ನ ಕೈ ಹಿಡಿದರು, ಹಣೆ ಮುಟ್ಟಿದರು. “ಅಯ್ಯ, ಸುಡಾಕ್ಹತ್ತೈತಿ ಮೈ! ಯಾವಾಗಿಂದ ತಂಗಿ?”

ಒಂದೊಂದೇ ಗುಂಡಿಯನ್ನು ಅವರೇ ಬಿಚ್ಚಿದರು. ನಾನು ಕಣ್ಣು ಮುಚ್ಚಿಕೊಂಡೆ.

“ಬ್ಯೂಟಿಫುಲ್!” ಎಂದರು ಡಾಕ್ಟರು.

ಕಣ್ಣು ಬಿಟ್ಟರೆ ಮೂವರೂ ಗುಳ್ಳೆಯನ್ನೇ ನೋಡುತ್ತಿದ್ದರು. ಡಾಕ್ಟರು ಲಸಿಕೆ ಸರ್ಟಿಫಿಕೇಟಿನ ಹಳದಿ ಪುಸ್ತಕದಲ್ಲಿ ‘ಸಕ್ಸಸ್‌ಫುಲ್’ ಎಂದು ಬರೆದು ಠಪ್ಪೆಂದು ಸೀಲ್ ಒತ್ತಿದರು. ಅಪ್ಪ ಅವರ ಕೈ ಕುಲುಕಿದರು.

“ರಿಟರ್ನ್ ಮಾಡೋದಿಲ್ವಾ?” ಎಂದು ಕೇಳಿದೆ.

“ಏನ ರಿಟರ್ನ್?” ಎಂದರು ಅವ್ವ.

“ನನ್ನ.”

ಬೋಳು ತಲೆಯ ಹುಡುಗಿಯ ಕಥೆಯನ್ನು ಆಗ ಹೇಳಿದೆ, ಅರ್ಧ ಕನ್ನಡ, ಅರ್ಧ ಇಂಗ್ಲಿಷು, ಮೂಗು ಸೋರಿಸುತ್ತ. ಅವ್ವ ಅಲ್ಲೇ ಡಾಕ್ಟರ ಸ್ಟೂಲಿನ ಮೇಲೆ ಕುಳಿತು ನನ್ನನ್ನು ಮಡಿಲಿಗೆ ಎಳೆದುಕೊಂಡರು.

“ಹುಚ್ಚಿ, ಗುಳ್ಳಿ ಏಳಲಿ ಅಂತನ ಅಲ್ಲೇನ ದೇವಿ ಹಾಕಸೂದು? ಇದು ಏಳದಿದ್ದರ ನಿನ್ನ ಹಡಗಾ ಹತ್ತಸ್ತಿರಲಿಲ್ಲ. ನೀ ಹತ್ತದಿದ್ದರ ನಾವೂ ಹತ್ತತಿರಲಿಲ್ಲ. ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನಂದ. ನಿನಗ ಕುಷ್ಠ ಆದರೂ ನೀ ನಮ್ಮಾಕಿ, ತಿಳೀತ?”

ಡಾಕ್ಟರ ಎದುರಿಗೆ ಕುಷ್ಠದ ಮಾತು ಎತ್ತಿದ್ದಕ್ಕೆ ಅಪ್ಪ ಕೆಮ್ಮಿದರು.

ನಾನು ಮೆಲ್ಲಗೆ ಹೇಳಿದೆ: “ಅವ್ವಾ, ತುರಿಸ್ತಾ ಇದೆ.”

ಅದು ನನ್ನ ಬದುಕಿನ ಮೊದಲ ಕಂಪ್ಲೇಂಟ್. ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. ಬೂಟು ಕಚ್ಚುತ್ತದೆ ಎಂದೆ. ಟ್ಯಾಕ್ಸಿಯಲ್ಲಿ ಪೆಟ್ರೋಲ್ ವಾಸನೆ ಎಂದೆ. ಲಾಡ್ಜಿನ ಹಾಲಿನಲ್ಲಿ ಕೆನೆ ಇದೆ, ಬೇಡ ಎಂದೆ. ಫ್ಯಾನು ಕಿರುಗುಟ್ಟುತ್ತದೆ, ದಿಂಬು ಗಟ್ಟಿ, ಅಪ್ಪ ಗೊರಕೆ ಹೊಡೆಯುತ್ತಾರೆ. ಸಂಜೆಯವರೆಗೂ ಹೇಳಿದೆ. ಅವ್ವ ತೆಂಗಿನೆಣ್ಣೆ ಹಚ್ಚಿದ ಬೆರಳಿನಿಂದ ಗುಳ್ಳೆಯ ಸುತ್ತಲೂ ಮೆಲ್ಲಗೆ ಸವರುತ್ತ ಒಂದೊಂದಕ್ಕೂ “ಹೌದಲ್ಲ! ಹೌದಲ್ಲ!” ಎನ್ನುತ್ತಿದ್ದರು.

ಕೊನೆಗೆ ಅಪ್ಪ ಪೇಪರ್ ಮಡಿಸಿ ಕೆಳಗಿಟ್ಟು ಹೇಳಿದರು: “ಮೊದಲಿನ ಹುಡುಗಿ ಎಲ್ಲಿ ಹೋತು ಮಾರಾಯ್ತಿ? ಅದು ಭಾಳ ಪೊಲೈಟ್ ಇತ್ತು.”