ಬಲಗೋಲಿನ ಎತ್ತು

ಎಂ.ಎ. ತರಗತಿಯಲ್ಲಿ ‘ಬಲ’ ಎಂಬ ಪದಕ್ಕೆ ಇಡೀ ಒಂದು ಪಾಠ ಹೋಗಿತ್ತು. ಬಲಗಡೆ ಎನ್ನುವಾಗಿನ ನಮ್ಮ ‘ಬಲ’, ತಮಿಳಿನ ‘ವಲ’ ಒಂದೇ ಬೇರಿನವು; ಶಕ್ತಿ ಎಂಬ ಅರ್ಥದ ಸಂಸ್ಕೃತದ ‘ಬಲ’ಕ್ಕೂ ಇದಕ್ಕೂ ಏನು ನಂಟು ಎಂಬುದರಲ್ಲಿ ಒಮ್ಮತವಿಲ್ಲ. ‘ದಕ್ಷಿಣ’ ಎಂದರೂ ಬಲವೇ, ಮೂಡಲಿಗೆ ಮುಖ ಮಾಡಿ ನಿಂತವರಿಗೆ.

ಮಗ್ಗೆಯ ಹತ್ತಿರದ ನಮ್ಮ ಮನೆಯಲ್ಲಿ ಆ ಪದ ನನಗೆ ಮೊದಲು ಗೊತ್ತಾದದ್ದು ಎತ್ತುಗಳಿಂದ. ನೊಗದ ಬಲಕ್ಕೆ ಕಟ್ಟುವ ಎತ್ತು ಬಲಗೋಲು, ಎಡಕ್ಕೆ ಕಟ್ಟುವುದು ಎಡಗೋಲು. ನಮ್ಮ ಗದ್ದೆಯಲ್ಲಿ ನೇಗಿಲು ಎಡಕ್ಕೇ ತಿರುಗುತ್ತಿತ್ತು. ಹೊರಸುತ್ತು ನಡೆಯಬೇಕಾದ ಬಲಗಡೆಗೆ ಅಪ್ಪ ಗಟ್ಟಿ ಎತ್ತನ್ನೇ ಕಟ್ಟುತ್ತಿದ್ದರು. ಪದ ಹುಟ್ಟಿದ್ದು ಇಂಥ ಕಡೆಯೇ ಇರಬೇಕು ಎಂದು ನನಗೆ ಈಗಲೂ ಅನಿಸುತ್ತದೆ. ಎಳೆಯದರಲ್ಲಿ ಯಾವ ಕಡೆಗೆ ಪಳಗಿತೋ, ಎತ್ತು ಕೊನೆಯವರೆಗೂ ಆ ಕಡೆಯದೇ.

ಚರ್ಮಗಂಟು ರೋಗ ಬಂದ ವರ್ಷ ಎಡಗೋಲು ಸತ್ತಿತು. ಗದ್ದೆ ಹಳ್ಳದ ಪಕ್ಕದ ಜೌಗು, ಟಿಲ್ಲರ್ ಇಳಿಸಿದರೆ ಹೂತುಹೋಗುತ್ತದೆ. ನಾಟಿಯೊಳಗೆ ಜೊತೆ ಸಿಗದಿದ್ದರೆ ಉಳಿದದ್ದನ್ನೂ ಮಾರಬೇಕು ಎಂದು ಅಪ್ಪ ಹೇಳಿದ ದಿನ ಅವ್ವ ಊಟ ಮಾಡಲಿಲ್ಲ. ಅದು ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದ ಎತ್ತು.

ಬಾಳ್ಳುಪೇಟೆ ಕಡೆಯ ದಲ್ಲಾಳಿಯೊಬ್ಬ ಒಂದು ಎತ್ತು ಹೊಡೆದುಕೊಂಡು ಬಂದ.

“ಎಡಗೋಲಾ?” ಅಪ್ಪ ಕೇಳಿದರು.

“ಎಲ್ಲಿಗ್ ಕಟ್ಟಿದ್ರೂ ಹೋಯ್ತದೆ ಕಣ್ರೀ. ಎತ್ತೇ ಸಿಗ್ದಿರೋ ಕಾಲ್ದಲ್ಲಿ ಎಡ ಬಲ ಕೇಳ್ತೀರಲ್ಲ ಮಾರಾಯ್ರೆ, ಹೆಣ್ ನೋಡಕ್ ಬಂದಂಗೆ!”

ದುಡ್ಡು ಕೊಟ್ಟು ಕೊಂಡು ಗದ್ದೆಗಿಳಿಸಿದಾಗ ತಿಳಿಯಿತು, ಅದೂ ಬಲಗೋಲೇ.

“ನಮ್ದು ಸಾಧು ಐತೆ. ಹೇಳಿದ್ ಮಾತು ಕೇಳ್ತದೆ,” ಎಂದು ಅಪ್ಪ ನಮ್ಮ ಎತ್ತನ್ನೇ ಎಡಕ್ಕೆ ತಂದರು.

ಅದು ಕೇಳಲಿಲ್ಲ. ನೊಗ ಎತ್ತಿದ ಕೂಡಲೇ ಹಿಂದಿನಿಂದ ಸುತ್ತಿ ಬಂದು ಬಲಕ್ಕೇ ನಿಂತು ಕತ್ತು ಬಗ್ಗಿಸುತ್ತಿತ್ತು. ಹಟವಾಗಿರಲಿಲ್ಲ, ಕಲಿಸಿದ್ದನ್ನು ಮಾಡುತ್ತಿತ್ತು. ಅಪ್ಪ ಹೊಡೆದರು. ಮತ್ತೆ ಸುತ್ತಿ ಬಂತು, ಮತ್ತೆ ಕತ್ತು ಬಗ್ಗಿಸಿತು.

“ಹೊಡೀಬ್ಯಾಡಿ ಕಣ್ರೀ! ನೀವೇ ಅಲ್ವಾ ಕಲ್ಸಿದ್ದು?” ಅವ್ವ ಬದುವಿನ ಮೇಲಿಂದ ಕೂಗಿದಳು.

“ಹಂಗಾರೆ ಮಾರ್ಬುಡ್ಲಾ? ನೀನೇ ಹೇಳು!”

ಅಪ್ಪ ಹಗ್ಗ ಬಿಗಿದು ಹೂಡಿಯೇಬಿಟ್ಟರು. ತಿರುವಿನಲ್ಲಿ ನಮ್ಮ ಎತ್ತು ಬಲಕ್ಕೆ ಒತ್ತಿತು. ಹೊಸದು ಜಾಗ ಬಿಡಲಿಲ್ಲ. ನೊಗ ತಿರುಚಿಕೊಂಡು ನಮ್ಮದು ಕೆಸರಿಗೆ ಬಿತ್ತು, ಹಿಂಗಾಲು ಮೈಯಡಿಗೆ ಸಿಕ್ಕಿಕೊಂಡಿತು. ಮೂಳೆ ಮುರಿದ ಸದ್ದು ಬದುವಿನ ತನಕ ಕೇಳಿಸಿತು.

ದನದ ಡಾಕ್ಟರು ಬಂದು ತೊಡೆ ಮುಟ್ಟಿ ನೋಡಿದರು. ಇಷ್ಟು ಭಾರದ ಮೈಗೆ ಈ ಮೂಳೆ ಕೂಡುವುದಿಲ್ಲ ಎಂದು ನೋವಿಗೆ ಇಂಜೆಕ್ಷನ್ ಕೊಟ್ಟು ಹೋದರು. ಬಿದ್ದ ಜಾಗದ ಪಕ್ಕದಲ್ಲೇ ಟಾರ್ಪಲ್ ಕಟ್ಟಿದೆವು. ಉಸಿರು ನಿಲ್ಲುವವರೆಗೂ ಅಪ್ಪ ಅಲ್ಲಿಂದ ಏಳಲಿಲ್ಲ. ಅವ್ವ ತಂದಿಟ್ಟ ಗಂಜಿಯನ್ನು ಅದೂ ಮುಟ್ಟಲಿಲ್ಲ, ಇವರೂ ಮುಟ್ಟಲಿಲ್ಲ.

ಗದ್ದೆ ಆ ವರ್ಷ ಬೀಳು ಬಿತ್ತು. ಹೊಸ ಎತ್ತು ಕೊಟ್ಟಿಗೆಯಲ್ಲೇ ಇದೆ. ಅಪ್ಪ ಎರಡು ಹೊತ್ತೂ ಹುಲ್ಲು ಹಾಕುತ್ತಾರೆ. ಮೈ ಮಾತ್ರ ಸವರುವುದಿಲ್ಲ.