ಏನನ್ನೂ ಸೇರಿಸದ ಪೆಟ್ಟಿಗೆ

ಹೊಸ ಕನ್ನಡಕ ಬಂದ ದಿನ ಮನೆಯ ಗೋಡೆಗಳೆಲ್ಲ ಇದ್ದಕ್ಕಿದ್ದಂತೆ ಕೊಳೆಯಾಗಿಬಿಡುತ್ತವೆ. ಅಲ್ಲಿಯವರೆಗೆ ಸುಣ್ಣಬಣ್ಣದ ವಿಷಯದಲ್ಲಿ ಸ್ಥಿತಪ್ರಜ್ಞನಾಗಿದ್ದ ಗೃಹಸ್ಥ ಅಂದು ಉಗುರಿನಿಂದ ಗೋಡೆ ಕೆರೆಯುತ್ತ ನಿಲ್ಲುತ್ತಾನೆ. ಕಿವಿಗೂ ಇಂಥದೊಂದು ಕನ್ನಡಕ ತೊಡಿಸಬಹುದೆಂದು ನನಗೆ ಹೊಳೆದದ್ದು ತಡವಾಗಿ. ಹೊಳೆಯದಿದ್ದರೇ ಚೆನ್ನಾಗಿತ್ತೆಂದು ಈಗ ಅನ್ನಿಸುತ್ತದೆ.

ಹುಣಸೂರಿನ ನನ್ನ ಮನೆಯ ಹಳೆಯ ಆಂಪ್ಲಿಫೈಯರು, ಯಾವ ದನಿ ಕೊಟ್ಟರೂ ಒಂದಿಷ್ಟು ಬೆಲ್ಲ ಬೆರೆಸಿಯೇ ಹೊರಗೆ ಬಿಡುತ್ತಿದ್ದ ಉದಾರಿ, ವೋಲ್ಟೇಜಿನ ಹೊಡೆತಕ್ಕೆ ಸುಟ್ಟುಹೋಯಿತು. ಶುದ್ಧ ಧ್ವನಿಯ ಆರಾಧಕರದ್ದೊಂದು ಪಂಗಡವಿದೆ. ಸ್ಪೀಕರಿನ ತಂತಿಯ ಬಗ್ಗೆ, ಹೆಣ್ಣು ನೋಡಲು ಹೋದವರು ಕುಲಗೋತ್ರ ವಿಚಾರಿಸುವಷ್ಟು ಶ್ರದ್ಧೆಯಿಂದ ವಿಚಾರಿಸುವವರು. ನಾನೂ ಆ ಮಠದ ಹೊಸ ವಟು. ಅವರ ಉಪದೇಶದಂತೆ ಬಂದ ದನಿಗೆ ಏನನ್ನೂ ಸೇರಿಸದ, ಏನನ್ನೂ ಮುಚ್ಚಿಡದ, ಪಾರದರ್ಶಕವೂ ‘ನ್ಯೂಟ್ರಲ್’ ಕೂಡ ಆದ ಪೆಟ್ಟಿಗೆಯೊಂದನ್ನು ಮೈಸೂರಿನಿಂದ ತಂದೆ. ವೈರಿಂಗ್ ಮಾಡಲು ಬಂದ ರಫೀಕನಿಗೆ ಅದರ ಗುಣಗಾನ ಮಾಡಿದಾಗ ಅವನು ಟೆಸ್ಟರನ್ನು ಕಿವಿಗೆ ಸಿಕ್ಕಿಸಿಕೊಂಡು, "ನ್ಯೂಟ್ರಲ್ ಮುಟ್ಟುದ್ರೆ ಏನೂ ಆಗಲ್ಲ ಕಣ್ ಸಾ. ಜೀವ ಇರೋದು ಫೇಸಲ್ಲಿ," ಎಂದ. ಅವನು ವೈರಿನ ಮಾತಾಡುತ್ತಿದ್ದಾನೆಂದು ನಾನು ನಕ್ಕೆ.

ಕನ್ನಡದಲ್ಲಿ ನ್ಯೂಟ್ರಲ್ ಎಂದರೆ ತಟಸ್ಥ. ಅಂದರೆ ದಡದ ಮೇಲೆ ನಿಂತವನು. ನಮ್ಮೂರಿನ ಲಕ್ಷ್ಮಣತೀರ್ಥ ಹೊಳೆಯಲ್ಲಿ ಈಜುವವನು ಈಜಲಿ, ಮುಳುಗುವವನು ಮುಳುಗಲಿ, ಇವನ ಪಂಚೆ ಮಾತ್ರ ಒದ್ದೆಯಾಗದು. ಇದು ಬಹಳ ಉದಾತ್ತವಾದ ಸ್ಥಿತಿಯೆಂದು ನಂಬಿ ಕೆಲವು ದಿನ ಕೂತು ಕೇಳಿದೆ. ಕೇಳಿಸಿದ್ದು ವೈಣಿಕರ ಉಗುರು, ಕೊಳಲಿನವರ ಉಸಿರು, ಮುಂದಿನ ಸಾಲಿನ ರಸಿಕರ ಕೆಮ್ಮು. ತೃಪ್ತಿಯಾಯಿತೇ ಎಂದು ನೀವು ಕೇಳಿದರೆ, ತಪ್ಪು ಹುಡುಕುವ ತೃಪ್ತಿ ಯಥೇಚ್ಛವಾಗಿ ಆಯಿತೆನ್ನಬಹುದು.

ಆಮೇಲೊಂದು ದಿನ ಪಿರಿಯಾಪಟ್ಟಣದಿಂದ ಮಾದಪ್ಪ ಬಂದ. ಹೊಗೆಸೊಪ್ಪಿನ ವ್ಯಾಪಾರಿ, ನನ್ನ ಬಾಲ್ಯದ ಗೆಳೆಯ. ವಚನ ಹಾಡಲು ಕೂತನೆಂದರೆ ಹರಾಜಿನ ಅಂಗಳದ ಗದ್ದಲವೂ ತಣ್ಣಗಾಗುವಂಥ ಕಂಠ. ಹೋದ ವರ್ಷ ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಅವನ ಮಾತೆಲ್ಲ ಕೈಯಲ್ಲಿ, ಕಣ್ಣಲ್ಲಿ; ಉಳಿದದ್ದನ್ನು ಹೆಂಡತಿ ನಾಗಮ್ಮ ಆಡುತ್ತಾಳೆ. ಕಾಯಿಲೆ ಗೊತ್ತಾಗುವ ಬಹಳ ಮೊದಲು ನಮ್ಮ ಪಡಸಾಲೆಯಲ್ಲಿ ಅವನು ಹಾಡಿದ ಒಂದು ವಚನದ ಧ್ವನಿಮುದ್ರಣ ನನ್ನ ಬಳಿ ಇತ್ತು. ಅವನ ದನಿಯೆಂದು ಲೋಕದಲ್ಲಿ ಉಳಿದದ್ದು ಅಷ್ಟೇ. ಹೊಸ ಪೆಟ್ಟಿಗೆಯಲ್ಲಿ ಅದನ್ನು ಕೇಳಬೇಕೆಂದು ಅವನೇ ಸನ್ನೆ ಮಾಡಿದ.

ಹಾಕಿದೆ. ಮಾದಪ್ಪ ಎದುರಿಗೇ ಕೂತು ಹಾಡಿದಂತಿತ್ತು. ನಾಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆದರೆ ದನಿ ಮೇಲೇರುವ ಕಡೆಯಲ್ಲೆಲ್ಲ, ಹಳೆಯ ಪೆಟ್ಟಿಗೆ ಬೆಲ್ಲ ಸವರಿ ಮರೆಸಿದ್ದ ಒಂದು ಗೊರಗೊರ ಸದ್ದು ಈಗ ಸ್ಪಷ್ಟವಾಗಿ ಕೇಳಿಸಿತು. ಮಾದಪ್ಪನ ಕೈ ಕತ್ತಿಗೆ ಸುತ್ತಿದ್ದ ಬಟ್ಟೆಯ ಮೇಲೆ ಹೋಯಿತು. ಮತ್ತೆ ಹಾಕೆಂದು ಕೈಮಾಡಿದ. ಮತ್ತೆ ಅದೇ ಜಾಗ, ಅದೇ ಗೊರಗೊರ. ಅವನು ಪೆಟ್ಟಿಗೆಯನ್ನೂ ತನ್ನ ಕತ್ತನ್ನೂ ಬೆರಳಿನಿಂದ ತೋರಿಸಿ ಹುಬ್ಬೇರಿಸಿದ. ಕಾಯಿಲೆ ಆಗಲೇ ಇತ್ತಲ್ಲವೇ, ಆಗಲೇ ತೋರಿಸಿದ್ದರೆ ದನಿ ಉಳಿಯುತ್ತಿತ್ತಲ್ಲವೇ ಎಂಬುದು ಅದರ ಅರ್ಥ. ಇದ್ದದ್ದನ್ನು ಇದ್ದಂತೆ ಹೇಳುವ ಆ ಪೆಟ್ಟಿಗೆಯ ಮೇಲೆ ಅಂಥ ಸಿಟ್ಟು ನನಗೆ ಎಂದೂ ಬಂದಿರಲಿಲ್ಲ.

ನಾಗಮ್ಮ ನೆಲ ನೋಡುತ್ತ, "ಅವತ್ತು ನಿಮ್ಗೆ ನೆಗಡಿ ಆಗಿತ್ತು ಕಣ್ರೀ," ಎಂದಳು. ಅವನು ನಂಬಲಿಲ್ಲ. ಅವಳನ್ನು ಬಿಟ್ಟು ನನ್ನ ಮುಖವನ್ನೇ ನೋಡಿದ.

ಅವತ್ತು ಅವನಿಗೆ ನೆಗಡಿ ಇರಲಿಲ್ಲ.

"ಊಂ ಕಣ್ಲಾ, ನೆಗಡಿ," ಎಂದೆ. "ಮೂಗ್ ಒರಸಿ ಒರಸಿ ನನ್ ಟವಲ್ಲೇ ಕೆಡುಸ್ಬುಟ್ಟಿದ್ದೆ."

ಮಾದಪ್ಪನ ಬಿಗಿದ ಹೆಗಲು ನಿಧಾನವಾಗಿ ಸಡಿಲವಾಯಿತು. ಇನ್ನೊಮ್ಮೆ ಹಾಕೆಂದು ಸನ್ನೆ ಮಾಡಿದ. ಈ ಸಲ ಗೊರಗೊರ ಬಂದ ಕಡೆಯಲ್ಲಿ ಮೂಗು ಒರೆಸಿಕೊಳ್ಳುವ ಅಭಿನಯ ಮಾಡಿ ಸದ್ದಿಲ್ಲದೆ ನಕ್ಕ. ನಾಗಮ್ಮನೂ ನಕ್ಕಳು. ಅವಳೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.